ಅಕ್ಕ ಹೇಳಿದ ಕೊನೆಯ ಕಂತು

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಹೆದರುತ್ತೇನೆ, ಆ ಮಾತು ಬೇರೆ. ಯಾವುದನ್ನೂ ನಂಬದೆ ಎಲ್ಲಕ್ಕೂ ಹೆದರುವುದು ನನಗೆ ಸಣ್ಣಂದಿನಿಂದ ಒಲಿದ ವಿದ್ಯೆ. ಗೋಕಾಕದ ಬಸ್ ಸ್ಟ್ಯಾಂಡಿನ ತನಕ ಹೋಗಿ, ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡಿ, ಬಸ್ಸು ತಪ್ಪಿಸಿಕೊಂಡವನು ನಾನು, ಅದೂ ಒಮ್ಮೆಯಲ್ಲ. ಇದನ್ನು ಓದಿ ‘ಅಂಜುಬುರುಕನ ಮಾತು’ ಎಂದರೆ ನನಗೆ ಬೇಸರವಿಲ್ಲ. ಆದರೆ ಇದು ನಡೆದದ್ದು ಹಾಡಹಗಲು, ಚಹಾ ಕುಡಿಯುತ್ತ ಕೂತಾಗ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ರವಿವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಹಿಂದಿಯ ಒಂದು ಅಂತರಿಕ್ಷದ ಧಾರಾವಾಹಿ ಬರುತ್ತಿತ್ತು. ಘೋಡಗೇರಿಯಲ್ಲಿ ಓಣಿಯ ಮಕ್ಕಳೆಲ್ಲ ಪಂಚಾಯತಿ ಟಿ.ವಿ.ಯ ಮುಂದೆ ಕೂತು ನೋಡುತ್ತಿದ್ದೆವು. ಹಿಂದಿ ಅರ್ಧ ತಿಳಿಯುತ್ತಿತ್ತು, ಭಯ ಪೂರ್ತಿ ತಿಳಿಯುತ್ತಿತ್ತು. ಕೊನೆಯದಕ್ಕಿಂತ ಹಿಂದಿನ ಕಂತಿನಲ್ಲಿ ಆಕಾಶನೌಕೆಯವರು ಅವಸರದಲ್ಲಿ ತಮ್ಮ ಮುದುಕ ಅಡುಗೆಯವನನ್ನು ಯಾವುದೋ ಗ್ರಹದಲ್ಲಿ ಮರೆತು ಹೊರಟುಬಿಟ್ಟರು. ನೌಕೆ ಚುಕ್ಕಿಯಾಯಿತು, ಕಂತು ಮುಗಿಯಿತು. ಆ ವಾರವಿಡೀ ಊಟ ನನಗೆ ಸೇರಲಿಲ್ಲ. ಅವರು ತಿರುಗಿ ಬರುತ್ತಾರೋ, ಇಲ್ಲವೋ?

ಮುಂದಿನ ರವಿವಾರ ಕರೆಂಟ್ ಹೋಯಿತು. ನಮ್ಮಲ್ಲಷ್ಟೇ ಅಲ್ಲ, ಹುಕ್ಕೇರಿಯ ತನಕ ಎಲ್ಲೂ ಇರಲಿಲ್ಲ. ಕಪ್ಪು ಪರದೆಯನ್ನು ನೋಡುತ್ತ ಮಧ್ಯಾಹ್ನದ ತನಕ ಕೂತು, ಅಳುತ್ತ ಮನೆಗೆ ಬಂದೆ. ದೊಡ್ಡಪ್ಪನ ಮಗಳು ಸುವರ್ಣಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಕಂತನ್ನು ತಾನು ನೋಡಿದೆನೆಂದಳು, ಗೌಡರ ಮನೆಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಗೆ ಟಿ.ವಿ. ಹಚ್ಚಿದ್ದರಂತೆ. ಊಟದ ತಾಟನ್ನು ನೌಕೆ ಮಾಡಿ ಗಾಳಿಯಲ್ಲಿ ಹಾರಿಸಿ ಇಳಿಸಿದಳು. ನೌಕೆ ತಿರುಗಿ ಬಂತು, ಬಾಗಿಲು ತೆರೆಯಿತು, ಎಲ್ಲರೂ ತಲೆ ತಗ್ಗಿಸಿ ನಿಂತರು. ಮುದುಕ ಸಿಟ್ಟಾಗಲಿಲ್ಲ. ಒಬ್ಬೊಬ್ಬರ ಮುಖ ನೋಡಿ ಒಂದೇ ಮಾತು ಕೇಳಿದ:

“ಇಷ್ಟು ದಿನ ನಿಮಗ ರೊಟ್ಟಿ ಯಾರು ಮಾಡಿ ಹಾಕಿದ್ರು?”

ಅಲ್ಲಿಗೆ ಕತೆ ಮುಗಿಯಿತು. ನಾನು ಮೂರು ರೊಟ್ಟಿ ತಿಂದೆ.

ನಗಬೇಡಿ, ಆಮೇಲೆ ಆ ನೌಕೆಯೇ ನನ್ನ ಧೈರ್ಯವಾಯಿತು. ಹೆಂಡತಿಯ ಆಪರೇಶನ್ ದಿನ ದವಾಖಾನೆಯ ಬೆಂಚಿನ ಮೇಲೆ ಕೂತು ನಾನು ನೆನೆದದ್ದು ಅದನ್ನೇ: ಅವರು ತಿರುಗಿ ಬಂದಿದ್ದರಲ್ಲ, ಇವಳೂ ಬರುತ್ತಾಳೆ.

ಎರಡು ವರ್ಷದ ಹಿಂದೆ ಮೂಡಲಗಿಯಲ್ಲಿ ಅಕ್ಕನ ಮನೆಗೆ ಹೋದಾಗ ಈ ಮಾತು ತೆಗೆದೆ. ಅಕ್ಕ ಸೊಸೆಯ ಎದುರೇ ನಕ್ಕುಬಿಟ್ಟಳು.

“ಎಲ್ಲೀ ಬ್ಯಾಟರಿ ತಮ್ಮಾ? ಗೌಡರ ಟ್ರ್ಯಾಕ್ಟರ್ ಕಬ್ಬು ಹೇರಕೊಂಡು ಫ್ಯಾಕ್ಟರಿಗೆ ಹೋಗಿತ್ತು. ನೀ ಉಣವಲ್ಲಿ, ಅಳಾಕ ಹತ್ತಿದ್ದಿ. ಏನೋ ಒಂದು ಕತಿ ಕಟ್ಟಿ ಹೇಳಿದೆ.”

ನಾನೂ ನಕ್ಕೆ. ಆದರೆ ಐವತ್ತರ ಹತ್ತಿರ ಬಂದ ನನಗೆ ಆ ಮುದುಕನ ಚಿಂತೆ ಮತ್ತೆ ಮೊದಲಿನಿಂದ ಹತ್ತಿತು. ವಿಚಾರಿಸಿದರೆ ಧಾರಾವಾಹಿಯೇ ಉಳಿದಿಲ್ಲ. ಟೇಪು ಉಳಿಸಲೆಂದು ಟಿ.ವಿ.ಯವರೇ ಅದರ ಮೇಲೆ ಬೇರೇನೋ ತುಂಬಿದ್ದರಂತೆ. ಕೊನೆಗೆ ಗೆಳೆಯನೊಬ್ಬ ಅರಭಾವಿಯ ದೇಸಾಯಿಯವರ ಮನೆ ತೋರಿಸಿದ. ಅವರು ಅಲ್ಲಿನ ಕಾಲೇಜಿನಿಂದ ನಿವೃತ್ತರು. ಆ ಕಾಲಕ್ಕೆ ಪುಣೆಯಲ್ಲಿದ್ದು, ಪ್ರತಿ ರವಿವಾರ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ದನಿ ಹಿಡಿದಿದ್ದರು, ಕ್ಯಾಮೆರಾದಲ್ಲಿ ಪರದೆಯ ಫೋಟೋ ತೆಗೆದಿದ್ದರು. ಕ್ಯಾಸೆಟ್ ಹಚ್ಚಿ, ಮಾತು ಬಂದಹಾಗೆ ಒಂದೊಂದೇ ಫೋಟೋ ಮೇಜಿನ ಮೇಲೆ ಇಡುವುದು ಅವರ ಪದ್ಧತಿ.

ಕೊನೆಯ ಕಂತಿನದನ್ನು ಹಚ್ಚುವ ಮೊದಲೇ ಎದ್ದು ಹೋಗೋಣವೆನ್ನಿಸಿತು. ಮುದುಕ ಅಲ್ಲೇ ಉಳಿದಿದ್ದರೆ? ಆದರೆ ಚಹಾ ಬಂದಿತ್ತು, ಬಿಟ್ಟು ಏಳಲು ಸಂಕೋಚ. ಕೂತೆ.

ಮೊದಲು ಬರೀ ಸುಂಯ್ ಎನ್ನುವ ಸದ್ದು, ನಡುವೆ ಅವರ ಮನೆಯ ಕುಕ್ಕರಿನ ಸೀಟಿ. ಮಂಜಿನಲ್ಲಿ ತೆಗೆದಂಥ ಫೋಟೋಗಳು: ನೌಕೆ ಇಳಿಯಿತು. ಬಾಗಿಲು ತೆರೆಯಿತು. ತಗ್ಗಿದ ತಲೆಗಳು. ಆಮೇಲೆ ಒಂದು ಮುದಿ ದನಿ ಹಿಂದಿಯಲ್ಲಿ, ಸಾವಕಾಶವಾಗಿ ಕೇಳಿತು: ಇಷ್ಟು ದಿನ ನಿಮಗೆ ರೊಟ್ಟಿ ಯಾರು ಮಾಡಿ ಹಾಕಿದರು?

ಅಲ್ಲಿಗೆ ಟೇಪು ಮುಗಿದು ಟಕ್ಕೆಂದಿತು.

ನಾನು ಚಹಾದ ಕಪ್ಪನ್ನು ಫೋಟೋದ ಮೇಲೆಯೇ ಇಟ್ಟು ಎದ್ದು ನಿಂತುಬಿಟ್ಟೆ. ದೇಸಾಯಿಯವರು ಗಾಬರಿಯಾಗಿ, “ಬಿ.ಪಿ. ಐತೇನ್ರಿ ನಿಮಗ?” ಎಂದು ಕೇಳಿದರು. ಮೂರು ಸಲ ತಿರುಗಿಸಿ ಹಾಕಿಸಿದೆ. ಮೂರು ಸಲವೂ ಅದೇ ಮಾತು.

ನಾನೂ ಲೆಕ್ಕ ಹಾಕಿ ನೋಡಿದ್ದೇನೆ. ಯಾರಾದರೂ ಅಕ್ಕನಿಗೆ ಹೇಳಿದ್ದರೇ? ಕಂತು ಬಂದದ್ದು ಬೆಳಿಗ್ಗೆ, ಅಕ್ಕ ಹೇಳಿದ್ದು ಮಧ್ಯಾಹ್ನ. ಊರಿನ ಒಂದೇ ಫೋನು ಪೋಸ್ಟಿನಲ್ಲಿ, ರವಿವಾರ ಅದಕ್ಕೆ ಬೀಗ. ಅಕ್ಕನಿಗೆ ಹಿಂದಿ ಬರುವುದಿಲ್ಲ. ಆ ಪರಿಸ್ಥಿತಿಯಲ್ಲಿ ಯಾವ ಅಡುಗೆಯವನೂ ಅದನ್ನೇ ಕೇಳುತ್ತಾನೆ ಎನ್ನೋಣವೇ? ಇರಬಹುದು. ಮನಸ್ಸು ಒಪ್ಪುವುದಿಲ್ಲ.

ಅಲ್ಲಿಂದ ನೇರ ಮೂಡಲಗಿಯ ಬಸ್ಸು ಹತ್ತಿದೆ. ಮೊಬೈಲಿಗೆ ಹಾಕಿಕೊಂಡಿದ್ದ ದನಿಯನ್ನು ಅಕ್ಕನಿಗೆ ಕೇಳಿಸಿದೆ. ಸೊಸೆ ಅರ್ಥ ಹೇಳಿದಳು. ಅಕ್ಕ ಇನ್ನೊಮ್ಮೆ ಹಚ್ಚಲು ಹೇಳಿದಳು. ಮುಂದೆ ಏನಾಯಿತೆಂದು ಅವಳಿಗಾದರೂ ಗೊತ್ತೇ ಎಂದು ಕೇಳಿದೆ, ಮೂರ್ಖನ ಹಾಗೆ.

“ನನಗರ ಏನ್ ಗೊತ್ತು? ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕ ಹತ್ತಿತ್ತು, ಕತಿ ಅಲ್ಲಿಗೇ ಬಿಟ್ಟೆ,” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಂಗಾರ ನಾ ನಿನಗ ಸುಳ್ಳು ಹೇಳಿಲ್ಲ ಬಿಡು,” ಎಂದಳು.

ನಾನು ಎರಡು ವರ್ಷದಿಂದ ನನ್ನ ಚಿಂತೆಯನ್ನಷ್ಟೇ ಹೊತ್ತು ತಿರುಗಿದ್ದೆ; ಅವಳಿಗೂ ಒಂದಿತ್ತು ಎಂಬುದು ಆಗ ತಿಳಿಯಿತು. ಅದೇ ಮಾತು ಅಕ್ಕನ ಬಾಯಲ್ಲಿ ಹೇಗೆ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಅಕ್ಕನ ಮನೆಯಲ್ಲಿ ಮತ್ತೆ ಮೂರು ರೊಟ್ಟಿ ತಿಂದೆ. ಗೋಕಾಕಕ್ಕೆ ಬರುವ ದಾರಿಯಲ್ಲಿ ಮನೆಯ ಕೀಲಿ ನೆನಪಾದದ್ದು ಒಂದೇ ಸಲ.