ನೀರಿನ ಚಾರ್ಟಿನ ಕೆಂಪು-ಹಸಿರು

ನಾನು ಓದಿದ್ದು ಎರಡನೇ ಇಯತ್ತೆ. ಡೊಂಬಿವಲಿಯ ಈ ಸೊಸೈಟಿಯಲ್ಲಿ ನನ್ನ ಮಗ ನೀರು ಬಿಡುವ ಕೆಲಸ ಮಾಡುತ್ತಾನೆ. ಪಂಪಿನ ಕೋಣೆಯ ಪಕ್ಕದ ಖೋಲಿ ಕೆಲಸದ ಜೊತೆಗೇ ಸಿಕ್ಕಿದ್ದು. ಕೆಲಸ ಹೋದರೆ ಖೋಲಿಯೂ ಹೋಗುತ್ತದೆ. ಇದನ್ನೇ ನೆನೆಸಿಕೊಂಡು ಇಷ್ಟು ವರ್ಷ ಎಲ್ಲರಿಗೂ ಹೂಂ ಅಂದು ಅಂದು ಸಾಕಾಗಿದೆ.

ಈ ಬೇಸಿಗೆಯಲ್ಲಿ ನೀರು ಕಡಿಮೆಯಾಯಿತು. ಮೊದಲು ಯಾವ ವಿಂಗಿಗೆ ಯಾವಾಗ ಎಂಬುದು ಮಗನಿಗೆ ಬಾಯಿಪಾಠವಿತ್ತು. ಈಗ ಸೆಕ್ರೆಟರಿ ವಾರಕ್ಕೊಂದು ಚಾರ್ಟು ಮಾಡಿ ನೋಟೀಸ್ ಬೋರ್ಡಿಗೆ ಅಂಟಿಸತೊಡಗಿದರು. ಬರೀ ಚೌಕಗಳು. ಹಸಿರಿದ್ದರೆ ವಾಲ್ವ್ ತೆರೆಯಬೇಕು, ಕೆಂಪಿದ್ದರೆ ಮುಚ್ಚಬೇಕು. ಎರಡು ವಾರದಲ್ಲಿ ಬಿ ವಿಂಗಿಗೆ ಮೂರು ಸಲ ನೀರು ಬರಲಿಲ್ಲ. ಸೆಕ್ರೆಟರಿ ಉಡುಪಿ ಕಡೆಯವರು, ದನಿ ಏರಿಸುವವರಲ್ಲ. "ಇನ್ನೊಂದು ಸಲ ಹೀಗಾದ್ರೆ ಬೇರೆ ಜನ ನೋಡ್ಬೇಕಾಗ್ತದೆ ಮಾರಾಯ," ಎಂದರು.

ನಾನೂ ಮಗನಿಗೆ ಬೈದೆ. "ಕುಡದಿಯೇನು? ಕಣ್ಣಿಗಿ ಕಾಣಂಗಿಲ್ಲೇನು?"

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವನ ಮಗಳು ಐರೋಲಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಮೊಬೈಲಿನಿಂದ ತಲೆ ಎತ್ತಿದಳು. "ಆಜಿ, ಪಪ್ಪಾಗೆ ಲಾಲ್-ಹರಾ ಎರಡೂ ಸೇಮ್ ದಿಖತಾ ಹೈ. ರೋಜ್ ನನ್ನೇ ಕೇಳ್ತಾರೆ. ನನಗೆ ಜಲ್ದಿ ಟ್ರೇನ್ ಇದ್ದ ದಿನ ಅಂದಾಜ್ ಸೇ ಬಿಡ್ತಾರೆ."

ಕೆಂಪು ಹಸಿರು ಎರಡೂ ಒಂದೇ ಥರ ಕಾಣುವುದು ಹುಟ್ಟಿನಿಂದಲೇ ಅಂತೆ. ತಾಯಿಯ ಕಡೆಯಿಂದ ಬರುತ್ತದಂತೆ. ನನ್ನ ಅಪ್ಪ ಮೆಣಸಿನಕಾಯಿ ಬಿಡಿಸುವಾಗ ಹಣ್ಣೋ ಕಾಯೋ ಎಂದು ನಮ್ಮನ್ನೇ ಕೇಳುತ್ತಿದ್ದ, ಸೋಮಾರಿ ಎಂದುಕೊಂಡಿದ್ದೆವು. ಮಗ ಚಿಕ್ಕವನಿದ್ದಾಗ ನಾನು ಹಳೇ ಸೀರೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತ ಹಸಿರು ಕೊಡು ಎಂದರೆ ಕೆಂಪು ಕೊಡುತ್ತಿದ್ದ. ಬೇಕೆಂದೇ ಮಾಡುತ್ತಾನೆಂದು ಬೆನ್ನಿಗೆ ಬಾರಿಸಿದ್ದೇನೆ. ಒಂದು ಸಲವಲ್ಲ. ಹೊಡೆದದ್ದು ಹೊಡೆದಾಯಿತು, ಈಗ ಅತ್ತರೆ ಅವನ ಬೆನ್ನಿಗೇನೂ ಸಿಗುವುದಿಲ್ಲ.

ಮೊಮ್ಮಗಳು ಚಾರ್ಟಿನ ಫೋಟೊ ತೆಗೆದು ಅದರ ಬಣ್ಣವನ್ನೆಲ್ಲ ಅಳಿಸಿ ತೋರಿಸಿದಳು. ಕೆಂಪೂ ಬೂದು, ಹಸಿರೂ ಅದೇ ಬೂದು.

"ಪಪ್ಪಾಗೆ ಪೂರಾ ಹೀಗಲ್ಲ. ಆದ್ರೆ ಗುರುತು ಹಿಡಿಯೋ ಕಷ್ಟ ಇಷ್ಟೇ ಇದೆ."

ಇದು ಸೂಜಿ ಹಿಡಿದವರಿಗೆಲ್ಲ ಗೊತ್ತು. ಸಂಜೆಯ ಮಬ್ಬಿನಲ್ಲಿ ಒಂದೇ ಗಾಢತೆಯ ಕೆಂಪು, ಹಸಿರು ಪಕ್ಕಪಕ್ಕ ಬಂದರೆ ಅಂಚು ಸಿಗುವುದಿಲ್ಲ. ಅವಳು ಗುಲಾಬಿ, ಆಕಾಶನೀಲಿ ಹಾಕಿ ನೋಡಿದಳು. ಚಂದವಿತ್ತು. ಬಣ್ಣ ಅಳಿಸಿದರೆ ಮತ್ತೆ ಎರಡೂ ಒಂದೇ.

"ಲಗ್ನಪತ್ರಿಕಿ ಮಾಡಾಕತ್ತೀಯೇನು? ಒಂದು ಕಡು ಹಾಕು, ಒಂದು ತಿಳಿ ಹಾಕು. ಮುಚ್ಚೂದರ ಮ್ಯಾಲ ಅಡ್ಡಗೆರಿ ಎಳಿ."

ತೆರೆಯುವುದಕ್ಕೆ ಕಡುನೀಲಿ, ಮುಚ್ಚುವುದಕ್ಕೆ ಗೆರೆ ಎಳೆದ ತಿಳಿಹಳದಿ ಬಂತು. ಅಳಿಸಿ ನೋಡಿದರೂ ಬೇರೆಬೇರೆಯೇ ಇದ್ದವು. ಪಪ್ಪಾನ ವಿಷಯ ಸೆಕ್ರೆಟರಿಗೆ ಹೇಳಿಬಿಡೋಣ ಎಂದಳು. ಬೇಡವೆಂದೆ.

"ಇಸ್ ಮೇ ಶರಮ್ ಕ್ಯಾ, ಆಜಿ?"

"ನಾಚಿಕಿ ಅಲ್ಲ, ಖೋಲಿ."

ಅವಳು ಆಫೀಸಿನಿಂದ ಪ್ರಿಂಟ್ ತೆಗೆದು ತಂದ ಹಾಳೆ ಹಿಡಿದು ನಾನೇ ಸೆಕ್ರೆಟರಿಯ ಮನೆಗೆ ಮೂರು ಮಾಳಿಗೆ ಹತ್ತಿದೆ. ಲಿಫ್ಟು ಕೆಟ್ಟಿತ್ತು. ಮೊಣಕಾಲು ನೋವು ಬೇರೆ.

"ನಿಮಗೆ ಚಾರ್ಟು ಎಂತಕ್ಕೆ ಅಜ್ಜಿ?" ಸೆಕ್ರೆಟರಿ ಕೇಳಿದರು.

"ಬೋರ್ಡಿನ ಕೆಳಗ ದಿನಾ ಕುಂದ್ರಾಕಿ ನಾನಽ ಅಲ್ರೀ. ನೀರು ಯಾವಾಗಂತ ಮುದುಕರೆಲ್ಲ ನನ್ನ ಕೇಳ್ತಾರ. ನನ್ನ ಕಣ್ಣಾಗ ಪರಿ ಬಂದೈತಿ, ಕೆಂಪು ಹಸಿರು ತಿಳಿಯಂಗಿಲ್ಲ."

ಪೊರೆ ಬಂದದ್ದು ನಿಜ. ಬಣ್ಣ ತಿಳಿಯದ್ದು ಸುಳ್ಳು.

ಅವರು ಹಾಳೆಯನ್ನು ದೂರ ಹಿಡಿದು ನೋಡಿದರು. "ಇದು ಝೆರಾಕ್ಸ್ ಮಾಡಿದ್ರೂ ಗೊತ್ತಾಗ್ತದೆ. ಆಯ್ತು, ಇನ್ನು ಹೀಗೇ ಹಾಕುವ."

ಸೋಮವಾರ ಹೊಸ ಚಾರ್ಟು ಬಂತು. ಮೊಮ್ಮಗಳು ಆಗಲೇ ಟ್ರೇನಿಗೆ ಹೋಗಿದ್ದಳು. ಮಗ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತ. ಯಾರನ್ನೂ ಕೇಳದೆ ಹೋಗಿ ಬಿ ವಿಂಗಿನ ವಾಲ್ವ್ ತಿರುಗಿಸಿದ. ಪೈಪಿನಲ್ಲಿ ನೀರು ಏರುವ ಸದ್ದಾದ ಮೇಲೆ ನನ್ನ ಹತ್ತಿರ ಬಂದು ಕೂತ. ಕೌದಿಯ ತುಂಡುಗಳು ಹರಡಿದ್ದವು. ಕೈಗೊಂದರಂತೆ ಎರಡು ಎತ್ತಿಕೊಂಡ.

"ಯವ್ವಾ, ಇದರಾಗ ಕೆಂಪು ಯಾವುದು?"

ನಲವತ್ತೈದು ದಾಟಿದವನು. ಮೊದಲ ಸಲ ನನ್ನನ್ನು ಕೇಳಿದ.

"ಬಲಗೈಯಾಗಿಂದು," ಎಂದೆ. "ಸೂಜಿಗಿ ದಾರ ಹಾಕಿಕೊಡು, ನಂಗ ಕಾಣಂಗಿಲ್ಲ."