ಅಜ್ಜಿ ಒಪ್ಪಿದ ನೀರು

ಎದುರುಮನೆ ಅಜ್ಜಿ ಏನನ್ನೇ ನೋಡಬೇಕಾದರೂ ಪೊರೆ ಬಂದ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣನ್ನಷ್ಟೇ ಅಗಲಿಸಿ ನೋಡುತ್ತಿದ್ದಳು. ಸಂತೆಯ ಬದನೆಕಾಯಿಯನ್ನೂ ಹಾಗೆಯೇ, ಮೊಮ್ಮಗಳನ್ನು ನೋಡಲು ಬಂದ ಗಂಡನ್ನೂ ಹಾಗೆಯೇ. ಆಪರೇಷನ್ ಮಾಡಿಸೋಣವೆಂದರೆ "ನೋಡೂಣಂತ" ಅನ್ನುವಳು. ಊಟಕ್ಕೆ ಕರೆದರೂ ಅದೇ ಮಾತು.

ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಟೀಚರ್. ಫ್ರಾನ್ಸಿನ ಇಂಪ್ರೆಷನಿಸ್ಟ್ ಕಲಾವಿದನೊಬ್ಬ ಬರೆದ ಕಡಲತೀರದ ಚಿತ್ರದ ಒಂದು ಪ್ರತಿಯನ್ನು ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ್ದೆ. ಹತ್ತಿರ ಹೋದರೆ ನೀಲಿ, ಹಸಿರು, ಗುಲಾಬಿ ಬಣ್ಣದ ತುಂಡು ಗೀಟುಗಳು. ಹಿಂದೆ ಸರಿದರೆ ಬಿಸಿಲು ಬಿದ್ದ ನೀರು. ಬಂದವರೆಲ್ಲ "ಇನ್ನೂ ಮುಗಿಸಿಲ್ಲೇನ್ರಿ?" ಎಂದು ಕೇಳಿ ನನಗೆ ಸಾಕುಸಾಕಾಗಿತ್ತು. ಅಜ್ಜಿ ಹಾಗೆ ಕೇಳಲಿಲ್ಲ. ಬಹಳ ಹೊತ್ತು ನೋಡಿ, "ಇದರ ಬುಡಕ್ಕ ಯಾವ ಊರೈತಿ, ಯವ್ವಾ?" ಎಂದಳು.

"ಇದು ಸಮುದ್ರ ಅಜ್ಜಿ. ಬುಡಕ್ಕ ಯಾವ ಊರೂ ಇರಂಗಿಲ್ಲ" ಎಂದು ನಕ್ಕೆ.

"ಇಷ್ಟು ನೀರೈತಿ ಅಂದಮ್ಯಾಲ ಯಾರದರ ಊರು ಇದ್ದ ಇರ್ತೈತಿ." ಅವಳು ನಗಲಿಲ್ಲ. ನನ್ನ ನಗುವೂ ನಿಂತಿತು.

ಅವಳು ಹುಟ್ಟಿದ ಊರು ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆಯೆಂದು ನನಗೆ ಗೊತ್ತಾದದ್ದು ಅಂದೇ. ಆಗ ಅವಳಿನ್ನೂ ಸಣ್ಣ ಹುಡುಗಿ. ಊರು ಬಿಡುವ ಬೆಳಿಗ್ಗೆ ಅವಳ ಅವ್ವ ಮನೆಯನ್ನೆಲ್ಲ ಸೆಗಣಿಯಿಂದ ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಿದ್ದಳಂತೆ. "ನೀರು ಬರೋ ಮನಿ ಯಾಕ ಸಾರಸ್ತಿ ಅಂತ ಅಪ್ಪ ಬೈದ. ಯಾರು ಬಂದ್ರೇನು, ಮನಿ ಹೊಲಸಿರಬಾರದು ಅಂದ್ಳು ಅವ್ವ. ಬಂಡಿ ಹತ್ತಿದ ಮ್ಯಾಲೂ ಕೈಯಾಗಿನ ಸೆಗಣಿ ತೊಳಕೊಂಡಿದ್ದಿಲ್ಲ."

ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಕಲ್ಲುಗಳು ಕಾಣುತ್ತವೆ, ಕರೆದುಕೊಂಡು ಹೋಗುತ್ತೇನೆ ಎಂದರೆ ಒಪ್ಪಲಿಲ್ಲ. ಕೆಸರಿನಲ್ಲಿ ಬಿದ್ದ ಮನೆ ನೋಡುವ ಧೈರ್ಯ ಅವಳಿಗಿರಲಿಲ್ಲ. "ಬಲಗಣ್ಣಿಗೂ ಮಬ್ಬು ಬರಾಕ ಹತ್ತೈತಿ. ಪೂರಾ ಹೋಗೂದ್ರೊಳಗ ನಮ್ಮೂರು ಒಮ್ಮಿ ಬರದು ತೋರಸವ್ವಾ" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಬೇವಿನಮರ, ಊರ ಮುಂದಿನ ಅಗಸಿ ಬಾಗಿಲು, ಮಾಳಿಗೆಮನೆ, ಕಟ್ಟೆ, ಎಲ್ಲವನ್ನೂ ಅವಳು ಹೇಳಿದಂತೆಯೇ ಬರೆದೆ. ಒಂದು ಗೆರೆಯೂ ಆಚೀಚೆ ಆಗಬಾರದೆನ್ನುವ ಹಟ ನನ್ನದು. ಅಜ್ಜಿ ನೋಡಿ, "ಚಂದೈತಿ. ಯಾರ ಊರವ್ವಾ ಇದು?" ಎಂದಳು. ತಿದ್ದಿ ಮತ್ತೆ ಬರೆದರೂ ಒಲ್ಲೆನೆಂದು ತಲೆಯಾಡಿಸಿದಳು. ನನಗೆ ಸಿಟ್ಟೇ ಬಂತು. "ಹಂಗಾರ ನಿನ್ನ ಕಣ್ಣಿಗೆ ಕಾಣೂದೇನು, ಅದನ್ನರ ಹೇಳು" ಎಂದೆ.

"ನೀರು" ಎಂದಳು. "ಮದುವಿ ಆದಮ್ಯಾಲ, ಎಲ್ಲಾರೂ ತವರಿಗೆ ಹೋಗೂ ಪಂಚಮಿಗೆ, ನಾ ದಂಡಿಗೆ ಬಂದು ನಿಂದರ್ತಿದ್ದೆ. ನೀರು ಕಂಡ್ರ ಮನಿ ಕಂಡಂಗ. ನೀ ಆ ನೀರನ್ನ ತಗದು ಹಾಕಿಬಿಟ್ಟಿ."

ಮರುದಿನ ಹಿನ್ನೀರಿನ ದಂಡೆಗೆ ಹೋಗಿ ಕೂತೆ. ಗಾಳಿಗೆ ನೀರು ಒಂದೆಡೆ ನಿಲ್ಲುತ್ತಿರಲಿಲ್ಲ, ಅದರ ಮೇಲಿನ ಬೆಳಕೂ ನಿಲ್ಲುತ್ತಿರಲಿಲ್ಲ. ಗೆರೆ ಎಳೆಯುವ ಚಟ ಬಿಟ್ಟು, ಕಂಡ ಬಣ್ಣವನ್ನು ಕಂಡ ಹಾಗೆ ತುಂಡುತುಂಡಾಗಿ ಇಡುತ್ತ ಹೋದೆ. ಪಡಸಾಲೆಯ ಚಿತ್ರವನ್ನು ಅಷ್ಟು ವರ್ಷ ನೋಡಿದ್ದರೂ ಅದನ್ನು ಬರೆದವನ ಕಷ್ಟ ನನಗೆ ತಿಳಿದದ್ದು ಆ ದಂಡೆಯ ಮೇಲೆ. ಆ ಪಾಠ ಅಜ್ಜಿಯದು.

ಚಿತ್ರವನ್ನು ಅವಳ ಮಡಿಲಲ್ಲಿಟ್ಟೆ. ಇನ್ನೂ ಆರದ ಬಣ್ಣವನ್ನು ಬೆರಳಿನಿಂದ ಮುಟ್ಟಿ, "ಇಲ್ಲೇ ಅದಾಳ ನಮ್ಮವ್ವ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಆ ವರ್ಷದ ಪಂಚಮಿಗೆ ಅವಳಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವಳ ಸೊಸೆ ಹಾಸಿಗೆ ಸುತ್ತಿಡುತ್ತ ಆ ಚಿತ್ರವನ್ನು ಎತ್ತಿಕೊಂಡು, "ನಮ್ಮತ್ತಿ ಕಡೀತನಕ ಬಗಲಾಗ ಇಟ್ಕೊಂಡಿದ್ರು. ಇದು ಯಾವ ಸಮುದ್ರ ರೀ ಟೀಚರ್?" ಎಂದು ಕೇಳಿದಳು.

"ಅವರ ತವರುಮನಿ" ಎಂದೆ.