ಸತ್ತವನ ವಿಳಾಸದಿಂದ ಬಂದ ಮೇಲ್

ಕುರಿ ವ್ಯಾಪಾರದಲ್ಲಿ ನನಗೆ ಜೊತೆಯಾಗಿದ್ದ ಗೆಳೆಯ ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಗೆ ಬುಕ್ಕಾಪಟ್ಟಣದ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಸ್ಕೂಲ್ ಟೀಚರು. ಫೋಟೊ ಮುಂದೆ ಬಾಡೂಟದ ಎಡೆ, ಹೊಸ ಪಂಚೆ, ಜೊತೆಗೆ ಅವನಿಗೆ ಇಷ್ಟವೆಂದು ಅವನ ಫೋನನ್ನೂ ಚಾರ್ಜ್ ಮಾಡಿ ಇಟ್ಟಿದ್ದರು. ಹಿರಿಯರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ನಾವಿಬ್ಬರೂ ಜಗುಲಿಯಲ್ಲಿ ಕೂತೆವು.

ಆಗಲೇ ಆಯಮ್ಮನ ಮೊಬೈಲಿಗೆ ಒಂದು ಮೇಲ್ ಬಂತು. ಕಳಿಸಿದವರ ಜಾಗದಲ್ಲಿ ಗೆಳೆಯನದೇ ಹೆಸರು, ಅವನದೇ ವಿಳಾಸ. ‘ಹೇಗಿದ್ದೀಯ? ಈ ಲಿಂಕ್ ಒತ್ತು’ ಎಂದಷ್ಟೇ ಇತ್ತು.

“ಅಣ್ಣಾ, ಬದುಕಿದ್ದಾಗ ಒಂದಿನಾನೂ ಹೆಂಗಿದೀಯ ಅಂತ ಕೇಳ್ದೋರಲ್ಲ, ಈಗ ಕೇಳ್ತಾವ್ರೆ” ಎಂದು ನಗಲು ಹೋದರು. ಬೆರಳು ಆಗಲೇ ಲಿಂಕಿನ ಹತ್ತಿರ ಹೋಗಿತ್ತು.

“ಒತ್ಬ್ಯಾಡ ಕಣಮ್ಮ! ಕಳ್ಳರು ಯಾರ ವಿಳಾಸ ಬೇಕಾದ್ರೂ ಹಾಕಿ ಕಳಿಸ್ತಾರೆ. ಡಿಲೀಟ್ ಮಾಡ್ಬುಡು” ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ, ಹೆಸರು ನೋಡಿ ನಂಬಬೇಡಿ. ಹಲ್ಲು ನೋಡಿ ವಯಸ್ಸು ತಿಳಿಯದೆ ಕುರಿ ಕೊಳ್ಳುತ್ತೀರಾ?

ಆಯಮ್ಮ ಲಿಂಕ್ ಒತ್ತಲಿಲ್ಲ. ಆದರೆ ‘ನೀವೇನಾ?’ ಎಂದು ಉತ್ತರ ಬರೆದು ಕಳಿಸಿಬಿಟ್ಟರು. ಮುಚ್ಚಿದ ಬಾಗಿಲ ಹಿಂದೆ ‘ಟಿಣ್’ ಎಂದಿತು.

ನಾನು ತಿರುಗಿ ಬಾಗಿಲನ್ನೇ ನೋಡಿದೆ. ಆಮೇಲೆ ಬಿಡಿಸಿ ಹೇಳಿದೆ: ಮೇಲ್ ಕಳಿಸಿದವನು ಕಳ್ಳ, ವಿಳಾಸ ಮಾತ್ರ ಗೆಳೆಯನದು, ಹಾಗಾಗಿ ಉತ್ತರ ಒಳಗಿರುವ ಅವನ ಫೋನಿಗೆ ಹೋಗಿದೆ.

“ಅಂಗಾದ್ರೆ ನಾನ್ ಕೇಳಿದ್ದು ಅವರ್ಗೇ ಮುಟ್ತಲ್ಲ, ಬುಡಿ” ಎಂದು ಆ ಮೇಲನ್ನು ಅಳಿಸಿದರು. “ಹೊತ್ತಾಯ್ತು, ನೀವೇ ಬಾಗ್ಲು ತೆಗೀರಣ್ಣ.”

ಅಷ್ಟು ವಿವರಿಸಿದ್ದ ನನಗೆ ಬಾಗಿಲ ಅಗುಳಿಗೆ ಕೈ ಹಾಕಲು ಧೈರ್ಯ ಬರಲಿಲ್ಲ.